ಪಟೇಲರ ಚಿಕ್ಕಮ್ಮ

"ಯಾರ ಚಿಕ್ಕಮ್ಮ ನಾನು? ಬಾಯಿಬಿಟ್ಟು ಹೇಳಿ ಪಟೇಲ್ರೇ, ನಿಮ್ಮಪ್ಪ ಎಷ್ಟು ಮದುವೆ ಆಗಿದ್ರು?"

"ಮೆಲ್ಲಗೆ ಮಾತಾಡೇ ಮಾರಾಯ್ತಿ, ಹೊರಗೆ ಗಿರಾಕಿ ಕೂತಿದ್ದಾರೆ."

"ಕೂತಿರ್ಲಿ. ಅವರ ಮುಂದೇನೇ ಅಲ್ವಾ ನೀವು ಹೇಳಿದ್ದು, ಅಡಿಗೆ ನಮ್ಮ ಚಿಕ್ಕಮ್ಮಂದು ಅಂತ? ಗೋಡೆ ಈಚೆ ನಿಂತು ಕೇಳಿಸ್ಕೊಂಡೆ. ನಿಮ್ಮಜ್ಜಿ ನನ್ನನ್ನ ಯಾವಾಗ ಹೆತ್ತಳು?"

"ಒಂದು ಮಾತಿಗೆ ಅಂದೆ ಕಣೇ. ಯಾರ ಕೈ ಅಡಿಗೆ ಅಂತ ಕೇಳಿದ್ರು. ಏನು ಹೇಳ್ಲಿ?"

"ತಮಟೆ ದುರ್ಗಪ್ಪನ ಮಗಳ ಕೈದು ಅಂತ ಹೇಳಿ. ಬೋರ್ಡಲ್ಲಿ ಕೆಂಚಮ್ಮನ ಬೋಟಿ ಅಂತ ಬರೆಸಿ. ನಮ್ಮವ್ವನ ಹೆಸರು ಅದು. ಬೋಟಿ ಅವಳದ್ದು."

"ಬರೆಸಿ ಬಾಗಿಲು ಮುಚ್ಲಾ?" ಶಶಿಧರ ನಕ್ಕ. "ಅಲ್ಲ ಸಣ್ಣಮ್ಮ, ನಿನ್ನನ್ನ ಮೇಲಕ್ಕೆ ತಾನೆ ಎತ್ತಿದ್ದು ನಾನು? ಕೆಳಗೆ ತಳ್ಳಿದ್ರೆ ಸಿಟ್ಟು ಬರಬೇಕು. ಎತ್ತಿದ್ರೂ ಸಿಟ್ಟು ಅಂದ್ರೆ ಹೆಂಗೆ?"

ನನ್ನ ಕೈಯಲ್ಲಿ ಸೌಟಿತ್ತು. ಅದರ ತುದಿಯಿಂದ ಬೋಟಿಯ ರಸ ಅವನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. ನಾನು ಬೇಕೆಂದು ಹಾಗೆ ಮಾಡಲಿಲ್ಲ. ಸೌಟನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ.

ಪೇಟೆಯ ರವೀಂದ್ರನಗರ ಬಡಾವಣೆಯ ಆ ಹೋಟೆಲಿನ ಹೆಸರು 'ಹಳೇ ಪಟೇಲರ ಒಲೆ'. ಒಲೆ ಎಲ್ಲೂ ಇಲ್ಲ, ಇರುವುದು ಗ್ಯಾಸು. ಗೋಡೆಗೆ ಒಂದು ಗಾಡಿಚಕ್ರ ಹೊಡೆದಿದ್ದರು. ಬಾಗಿಲಿಗೆ ನೊಗ ನೇತುಹಾಕಿದ್ದರು. ಎತ್ತರದವರು ಬಂದರೆ ತಲೆಗೆ ಬಡಿಯುತ್ತಿತ್ತು. ಕ್ಯಾಶ್ ಕೌಂಟರಿನ ಮೇಲೆ ಶಶಿಧರನ ತೀರಿಹೋದ ಅಪ್ಪ ಭೈರಪ್ಪ ಪಟೇಲರ ಫೋಟೊ. ದೊಡ್ಡ ಪೇಟ, ದೊಡ್ಡ ಮೀಸೆ. ಕೆಳಗೆ ಬಣ್ಣದ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಪಟೇಲ್ ಭೈರಪ್ಪನವರ ಅಚ್ಚುಮೆಚ್ಚಿನ ಬೋಟಿ ಗೊಜ್ಜು.'

ಮೊದಲ ದಿನ ಅದನ್ನು ಓದಿ ನಾನು ನಗಲಾರದೆ ಕೆಮ್ಮಿದ್ದೆ. ಭೈರಪ್ಪ ಪಟೇಲರು ಬೋಟಿಯನ್ನು ಮೆಚ್ಚಿದ್ದನ್ನು ನಾನು ನೋಡಿಲ್ಲ. ಎಸೆಸಿದ್ದನ್ನು ನೋಡಿದ್ದೇನೆ.

ನಮ್ಮೂರು ಹೊಳಲೂರಿನ ಆಚೆ. ನಮ್ಮ ಕೇರಿ ಊರಿನ ಆಚೆ. ಮಾರಿಹಬ್ಬಕ್ಕೆ ಪಟೇಲರ ಮನೆಯ ಮುಂದೆ ಕುರಿ ಬೀಳುತ್ತಿತ್ತು. ತೊಡೆ, ಎದೆ, ಕಲಿಜ ಜಗಲಿ ಹತ್ತುತ್ತಿದ್ದವು. ಕರುಳು, ಹೊಟ್ಟೆಚೀಲವನ್ನು ಅಡಕೆ ಹಾಳೆಯ ಮೇಲೆ ಹಾಕಿ ತಿಪ್ಪೆಯ ಹತ್ತಿರ ಇಡುತ್ತಿದ್ದರು. ರಾತ್ರಿಯಿಡೀ ತಮಟೆ ಬಡಿದ ನನ್ನ ಅಪ್ಪನಿಗೆ ಅದೇ ಕೂಲಿ. ಅವ್ವ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ನಾನು ಅವಳ ಸೆರಗು ಹಿಡಿದು ನಿಲ್ಲುತ್ತಿದ್ದೆ. ನಾಯಿಗಳೂ ನಿಲ್ಲುತ್ತಿದ್ದವು. ಯಾರಿಗೆ ಮೊದಲು ಎಂಬುದರಲ್ಲಿ ಅವಕ್ಕೂ ನಮಗೂ ಸಣ್ಣ ಜಗಳ.

ಆಮೇಲೆ ಚಾನಲ್ ಕಾಲುವೆಯ ಕೆಳಗಿನ ನೀರಿಗೆ ಹೋಗಬೇಕು. ಮೇಲಿನ ನೀರು ನಮ್ಮದಲ್ಲ. ಕರುಳನ್ನು ಕಡ್ಡಿಗೆ ಸಿಕ್ಕಿಸಿ ಒಳಗನ್ನು ಹೊರಗೆ ತಿರುವಿ ಹಾಕಬೇಕು. ಉಪ್ಪು ಹಾಕಿ ತಿಕ್ಕಬೇಕು. ಹೊಟ್ಟೆಚೀಲವನ್ನು ಬಿಸಿನೀರಿಗೆ ಅದ್ದಿ ಕರಿ ಪದರ ಕೆರೆಯಬೇಕು. ಸೊಂಟ ಹಿಡಿಯುತ್ತದೆ. ಬೆರಳು ಬಿಳಿಚಿಕೊಳ್ಳುತ್ತವೆ. ಉಗುರಿನ ಸಂದಿಗೆ ಹೋದ ವಾಸನೆ ಹೋಗುವುದಿಲ್ಲ. ಹಬ್ಬದ ಮಾರನೇ ದಿನ ಶಾಲೆಗೆ ಹೋದರೆ ಮೇಷ್ಟರು ನನ್ನನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದರು, ಗಾಳಿ ಆಡಲಿ ಎಂದು. ಏಳನೇ ಕ್ಲಾಸಿನವರೆಗೂ ನಾನು ಓದಿದ್ದು ಕಿಟಕಿಯ ಪಕ್ಕದಲ್ಲೇ.

ಶಶಿಧರ ಚಿಕ್ಕವನಿದ್ದಾಗ ಬುಗುರಿ ಆಡುವ ನೆಪ ಮಾಡಿಕೊಂಡು ಕೇರಿಗೆ ಬರುತ್ತಿದ್ದ. ಅವ್ವ ಅವನಿಗೆ ಮುತ್ತುಗದ ಎಲೆಯಲ್ಲಿ ಮುದ್ದೆ, ಬೋಟಿ ಕೊಡುತ್ತಿದ್ದಳು. ಬೇಲಿಯ ಮರೆಯಲ್ಲಿ ಕೂತು ತಿಂದು, ಬಾಯಿಯನ್ನು ಚಡ್ಡಿಗೆ ಒರೆಸಿಕೊಂಡು ಓಡುತ್ತಿದ್ದ. ನಾಲಗೆಗೆ ಜಾತಿ ಗೊತ್ತಿಲ್ಲ. ಅದು ಗೊತ್ತಿರುವುದು ಚಡ್ಡಿಗೆ ಒರೆಸಿಕೊಳ್ಳುವ ಕೈಗೆ.

ನಾನು ಮದುವೆಯಾಗಿ ಭದ್ರಾವತಿಗೆ ಹೋದೆ. ಗಂಡ ಚೌಡಪ್ಪ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆಗೆ ಬಿದಿರು ಇಳಿಸುತ್ತಿದ್ದ. ಕಾರ್ಖಾನೆ ಮುಚ್ಚಿತು. ಅವ್ವ ಅಪ್ಪ ಇಬ್ಬರೂ ಹೋದರು. ವರ್ಷಗಳಾದ ಮೇಲೆ ಒಂದು ದಿನ ನಮ್ಮ ಗಲ್ಲಿಗೆ ಹಿಡಿಸಲಾರದಷ್ಟು ದೊಡ್ಡ ಕಾರು ಬಂದು ನಿಂತಿತು. ಶಶಿಧರ ಇಳಿದ. ತಲೆ ಅರ್ಧ ಬೋಳಾಗಿತ್ತು.

"ಸಣ್ಣಮ್ಮ, ಕೆಂಚಮ್ಮನ ಕೈ ನಿಂಗೆ ಬಂದಿದೆಯಾ?"

"ಕೈ ಬಂದಿದೆ. ಅವಳ ಮಂಡಿನೋವೂ ಬಂದಿದೆ" ಎಂದೆ.

ಹೀಗೆ ನಾನು ಆ ಹೋಟೆಲು ಸೇರಿದೆ. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು. ಹೋಟೆಲಿಗೆ ಹಿಂದಿನ ಬಾಗಿಲು. ಅಡಿಗೆಮನೆಯಲ್ಲಿ ಇದ್ದವರಿಗೆಲ್ಲ ಸ್ಟೀಲ್ ಲೋಟ, ನನಗೊಂದು ಹಸಿರು ಪ್ಲಾಸ್ಟಿಕ್ ಲೋಟ. ಅದು ಕಿಟಕಿಯ ಹೊರಗಡೆ ಇರುತ್ತಿತ್ತು. ಬೋಟಿ ತೊಳೆಯುವವಳು ನಾನು, ಬೇಯಿಸುವವಳು ನಾನು. ಮಧ್ಯಾಹ್ನ ನನಗೆ ಅನ್ನ ಸಾರು. ಬೋಟಿ ಉಳಿದರೆ ಪೊಟ್ಟಣ. ಉಳಿಯುತ್ತಿರಲಿಲ್ಲ. ವಿದ್ಯಾನಗರದಿಂದ ಲಾಯರುಗಳು ಬರುತ್ತಿದ್ದರು, ಅಡಕೆ ಮಂಡಿಯವರು ಬರುತ್ತಿದ್ದರು, ಮೊಬೈಲು ಹಿಡಿದ ಹುಡುಗಿಯರು ಬರುತ್ತಿದ್ದರು. ತಟ್ಟೆಯ ಫೋಟೊ ಹೊಡೆದು, ಆಮೇಲೆ ತಿಂದು, ಬೆರಳು ನೆಕ್ಕಿ, ಕೊನೆಗೆ ಕೇಳುತ್ತಿದ್ದರು: "ಯಾರ ಕೈ ಅಡಿಗೆ?"

ನಮ್ಮ ಕಡೆ ಈ ಪ್ರಶ್ನೆ ಕೈಯ ಬಗ್ಗೆ ಅಲ್ಲ. ಎಲ್ಲರಿಗೂ ಗೊತ್ತು. ಅದಕ್ಕೇ ಶಶಿಧರ ನನ್ನನ್ನು ಚಿಕ್ಕಮ್ಮ ಮಾಡಿದ.

ಆ ಸಂಜೆ ಮನೆಗೆ ಬಂದು ಚೌಡಪ್ಪನಿಗೆ ಎಲ್ಲ ಹೇಳಿದೆ. ಕೆಲಸ ಬಿಡುತ್ತೇನೆ ಎಂದೆ. ಆತ ಬೀಡಿ ಹಚ್ಚಿ ಬಹಳ ಹೊತ್ತು ಯೋಚಿಸಿದ.

"ನೀನು ಪಟೇಲರ ಚಿಕ್ಕಮ್ಮ ಅಂದ್ರೆ, ನಾನು ಯಾರಾದೆ?"

"ಏನು?"

"ಲೆಕ್ಕ ಹಾಕೇ. ಪಟೇಲರ ಚಿಕ್ಕಪ್ಪ!" ಎಂದು ಎದ್ದು ನಿಂತ. ಲುಂಗಿ ಸರಿಮಾಡಿಕೊಂಡ. ಇಲ್ಲದ ಮೀಸೆ ತಿರುವಿದ. "ಏ ಸಣ್ಣಿ, ನೀರು ತಾ. ಪಟೇಲರ ಮನೆತನದ ಗಂಡಸರು ತಾವಾಗಿ ನೀರು ಕುಡಿಯೋದಿಲ್ಲ."

ಚೊಂಬು ಎತ್ತಿ ಅವನ ಮೇಲೆ ಎಸೆದೆ. ಆತ ತಪ್ಪಿಸಿಕೊಂಡು ನಕ್ಕ. ನಗುತ್ತಲೇ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು.

"ಸುಳ್ಳು ಹೇಳಿದೋರು ಅವರು. ಅದನ್ನ ಹೊತ್ಕೊಂಡು ತಿರುಗೋರೂ ಅವರೇ ಆಗ್ಲಿ. ನೀನು ಚಿಕ್ಕಮ್ಮ ಆಗೇ ಬಿಡು. ಪೂರಾ ಆಗು."

ಮಾರನೇ ದಿನ ನಾನು ಮುಂದಿನ ಬಾಗಿಲಿನಿಂದ ಹೋಟೆಲಿಗೆ ಹೋದೆ. ಟೇಬಲುಗಳ ತುಂಬ ಜನ. ಶಶಿಧರ ಕೌಂಟರಿನಲ್ಲಿ ನೋಟು ಜೋಡಿಸುತ್ತಿದ್ದ.

"ಏನೋ ಶಶಿ, ತಿಂಡಿ ತಿಂದ್ಯೇನೋ?"

ಅವನ ಕೈಯಿಂದ ನೋಟು ಜಾರಿದವು. ಹುಟ್ಟಿದಾಗಿನಿಂದ ನಮ್ಮ ಕೇರಿಯ ಯಾರೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕಿವಿ ಕೆಂಪಾಯಿತು. ಬಾಯಿ ತೆರೆಯಿತು. ಗಿರಾಕಿಗಳೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿತು.

"ತಿಂದೆ... ಚಿಕ್ಕಮ್ಮ."

"ಏನು ತಿಂದ್ಯೋ ಏನೋ. ಹೊಟ್ಟೆ ನೋಡು, ಕಣಜ ಆಗಿದೆ. ನಿಮ್ಮಮ್ಮನಿಗೆ ಹೇಳ್ತೀನಿ ತಾಳು."

ಟೇಬಲುಗಳೆಲ್ಲ ನಕ್ಕವು. ಒಬ್ಬ ಹುಡುಗಿ ಮೊಬೈಲು ಎತ್ತಿದಳು. ನಾನು ಕೌಂಟರಿನ ಮೇಲಿದ್ದ ಅವನದೇ ಸ್ಟೀಲ್ ಲೋಟ ತೆಗೆದುಕೊಂಡು, ಜಗ್ಗಿನಿಂದ ನೀರು ಸುರಿದುಕೊಂಡು, ತುಟಿ ತಾಗಿಸಿಯೇ ಕುಡಿದೆ. ಅವನ ಗಂಟಲು ಮೇಲೆ ಕೆಳಗೆ ಹೋಯಿತು, ನೀರು ಕುಡಿಯುತ್ತಿರುವವನು ಅವನೇ ಎಂಬಂತೆ.

ಅಡಿಗೆಮನೆಗೆ ಬಂದು ಹಲ್ಲು ಕಚ್ಚಿ ಕೇಳಿದ. "ಏನೇ ಇದು?"

"ನೀವೇ ತಾನೆ ಮೇಲಕ್ಕೆ ಎತ್ತಿದ್ದು? ಎತ್ತಿದ ಮೇಲೆ ಕೂರೋದು ಬೇಡ್ವಾ?"

ಆ ಹುಡುಗಿಯ ವಿಡಿಯೊ ಊರೆಲ್ಲ ಓಡಾಡಿತು. ಬಾಯಿಜೋರಿನ ಚಿಕ್ಕಮ್ಮನನ್ನು ನೋಡಲು, ಬೈಸಿಕೊಳ್ಳಲು ಜನ ಬಂದರು. ಬೋಟಿ ಮಧ್ಯಾಹ್ನಕ್ಕೆ ಮುಂಚೆಯೇ ಖಾಲಿಯಾಗತೊಡಗಿತು. ಶಶಿಧರನಿಗೆ ಸಿಟ್ಟು ಮಾಡಲೂ ಆಗದು, ಖುಷಿ ಪಡಲೂ ಆಗದು. ನಾನು ಮುಂದೆಯೇ ಕೂತು ಊಟ ಮಾಡತೊಡಗಿದೆ. ಬೋಟಿಯನ್ನೇ ಬಡಿಸಿಕೊಂಡೆ. ಹಸಿರು ಲೋಟದಲ್ಲಿ ಯಾರೋ ಬ್ರಷ್ಷು ಇಟ್ಟರು.

ಒಂದು ಭಾನುವಾರ ಚೌಡಪ್ಪನೂ ಬಂದ. ತೊಳೆದ ಅಂಗಿ, ಎಣ್ಣೆ ಹಾಕಿದ ತಲೆ. ಬಾಗಿಲಲ್ಲೇ ಕೂಗಿದ. "ಏನಪ್ಪಾ ಶಶಿ, ಚಿಕ್ಕಪ್ಪನ್ನ ಬಾ ಅನ್ನೋದೂ ಇಲ್ವಾ?" ನೊಗ ತಪ್ಪಿಸಿಕೊಳ್ಳಲು ತಲೆ ತಗ್ಗಿಸಿದವನು, ಒಳಗೆ ಬಂದ ಮೇಲೆ ತಗ್ಗಿಸಲಿಲ್ಲ. ಎರಡು ತಟ್ಟೆ ಬೋಟಿ ತಿಂದ. ಮಾಣಿ ಬಿಲ್ಲು ಕೊಟ್ಟರೆ ಅದರಿಂದಲೇ ಕೈ ಒರೆಸಿಕೊಂಡು ಎದ್ದ. "ಮಗನ ಮನೇಲಿ ಬಿಲ್ಲಾ? ಎಂಥ ಕಾಲ ಬಂತು ಮಾರಾಯ!" ಪಕ್ಕದ ಟೇಬಲಿನ ಲಾಯರೊಬ್ಬರು ಎದ್ದು ಅವನಿಗೆ ಕೈ ಮುಗಿದರು.

ಹೀಗೆಯೇ ನಡೆಯುತ್ತಿತ್ತೋ ಏನೋ. ಶೇಷಪ್ಪ ಬಂದರು.

ಶೇಷಪ್ಪ ಎಂದರೆ ಶಶಿಧರನ ದೊಡ್ಡಪ್ಪ. ಭೈರಪ್ಪ ಪಟೇಲರ ಅಣ್ಣನ ಸಾಲಿನವರು. ಊರಲ್ಲೇ ಇರುವವರು. ಯಾರ ಅಜ್ಜಿ ಯಾರ ಸೋದರತ್ತೆಗೆ ನಾದಿನಿ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿ. ಬೋಟಿ ತಿಂದು ತೇಗಿ, ನನ್ನನ್ನು ಕರೆಸಿದರು. ಅವರು ನನ್ನ ಗುರುತು ಹಿಡಿಯುತ್ತಾರೆಂದು ಶಶಿಧರ ಬೆವರಿದ. ನಾನು ಬೆವರಲಿಲ್ಲ. ಕೇರಿಯ ಹೆಣ್ಣುಮಕ್ಕಳ ಮುಖವನ್ನು ಅವರು ಯಾವತ್ತು ನೋಡಿದ್ದರು? ಬುಟ್ಟಿ ನೋಡಿರಬಹುದು.

"ಅಲ್ಲ ತಂಗಿ, ಇವನಮ್ಮ ಪುಷ್ಪಮ್ಮನಿಗೆ ಭದ್ರಾವತೀಲಿ ಒಬ್ಬ ತಂಗಿ ಇರೋದು ನಂಗೆ ಗೊತ್ತೇ ಇಲ್ವಲ್ಲ?"

"ಸ್ವಲ್ಪ ದೂರದ ಸಂಬಂಧ ದೊಡ್ಡಪ್ಪ" ಎಂದ ಶಶಿಧರ.

"ಎಷ್ಟು ದೂರ?"

"ಊರಿಂದ ನೋಡಿದ್ರೆ ಕಾಣಿಸುತ್ತೆ, ಅಷ್ಟು" ಎಂದೆ ನಾನು.

"ಮನೆದೇವ್ರು ಯಾವುದಮ್ಮ?"

"ನಿಮ್ಮೂರ ಮಾರಿನೇ ನಮ್ಗೂ. ನಮ್ಮಪ್ಪ ಬಂದು ನಿಲ್ಲದೆ ಅವಳು ಗುಡಿ ಬಿಟ್ಟು ಹೊರಡ್ತಿರಲಿಲ್ಲ."

"ಓಹೋ! ಪೂಜಾರರ ಪೈಕಿಯಾ?"

"ಅವರಿಗಿಂತ ಮುಂದೆ ನಡೆಯೋರು."

ತಮಟೆಯವರು ಪೂಜಾರಿಗಿಂತ ಮುಂದೆಯೇ ನಡೆಯುತ್ತಾರೆ. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಶೇಷಪ್ಪ ತಲೆದೂಗಿದರು. ದೊಡ್ಡ ಮನೆತನವೇ ಇರಬೇಕು ಎಂದುಕೊಂಡರು.

"ಹಂಗಾದ್ರೆ ಈ ಸಲ ಹಿರಿಯರ ಹಬ್ಬಕ್ಕೆ ನೀನು ಬರ್ಲೇಬೇಕು ತಂಗಿ. ಭೈರನ ಎಡೆಗೆ ನಿನ್ನ ಕೈ ಬೋಟಿನೇ ಇಡಬೇಕು. ಅವನಿಗೆ ಅಷ್ಟು ಇಷ್ಟ ಅಂತ ಈ ಬೋರ್ಡ್ ನೋಡಿದ ಮೇಲೇ ನಂಗೂ ಗೊತ್ತಾಗಿದ್ದು. ಪಾಪ, ಬದುಕಿದ್ದಾಗ ಬಾಯಿಬಿಟ್ಟು ಕೇಳ್ಲೇ ಇಲ್ಲ ಅವನು."

ನಾನು ಶಶಿಧರನ ಮುಖ ನೋಡಿದೆ. ಆತ ಬೇಡ ಎಂದು ಕಣ್ಣಲ್ಲೇ ಅಂಗಲಾಚಿದ.

"ಬರ್ತೀನಿ ಭಾವ" ಎಂದೆ.

ಯಾಕೆ ಒಪ್ಪಿಕೊಂಡೆ? ಚೌಡಪ್ಪನೂ ಅದನ್ನೇ ಕೇಳಿದ. ತಮಾಷೆಗೆ ಎಂದೆ. ಅದು ಪೂರ್ತಿ ನಿಜವಲ್ಲ. ಸತ್ತ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿಟ್ಟು, ಬಾಗಿಲು ಮುಂದೆ ಮಾಡಿ, ಅವರು ಉಂಡ ಮೇಲೆ ಮನೆಯವರು ಸಾಲಾಗಿ ಕೂತು ಉಣ್ಣುವ ಹಬ್ಬ ಅದು. ಆ ಮೊದಲ ಸಾಲಿನಲ್ಲಿ ರಕ್ತಸಂಬಂಧದವರು ಮಾತ್ರ. ನನ್ನ ಅವ್ವನ ಅಡಿಗೆ ಆ ಎಲೆಯ ಮೇಲೆ ಕೂರುವುದನ್ನು ನಾನು ನೋಡಬೇಕಿತ್ತು. ಪಕ್ಕದಲ್ಲಿ ನಾನು ಕೂರಬೇಕಿತ್ತು. ಆಸೆ ಎಂದರೆ ಆಸೆ. ಅದಕ್ಕೆ ಬೇರೆ ಹೆಸರಿಲ್ಲ.

"ಪಟೇಲರ ಚಿಕ್ಕಪ್ಪನಿಗೆ ಕಾಲುನೋವು, ಬರಲ್ಲ ಅನ್ನು" ಎಂದ ಚೌಡಪ್ಪ. "ಒಳಗೆ ಎಲೆ ಹಾಕಿದ್ರೆ ಫೋನ್ ಮಾಡು. ಓಡಿ ಬರ್ತೀನಿ."

ಹಬ್ಬದ ದಿನ ಶಶಿಧರನೇ ಕಾರಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಹೇಳಿಕೊಟ್ಟ. ಹಿತ್ತಲಿನ ಒಲೆಯಲ್ಲಿ ಬೇಯಿಸಬೇಕು. ಒಳಗೆ ಬರಬಾರದು. ಎಡೆಗೆ ಅವನೇ ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ತಲೆನೋವು ಎಂದು ಹೇಳಿ ಹೊರಡಬೇಕು. ಪೊಟ್ಟಣ ಕಟ್ಟಿಸಿಕೊಡುತ್ತಾನೆ.

"ಯಾರ ತಲೆನೋವು?" ಎಂದೆ.

ಆತ ಹಾರನ್ನು ಒತ್ತಿದ.

ಹಿತ್ತಲಲ್ಲಿ ಕೊಟ್ಟಿಗೆಯ ಪಕ್ಕ ಮೂರು ಕಲ್ಲು ಹೂಡಿದ್ದರು. ಬೆಳಗಿನಿಂದ ಕುಕ್ಕರುಗಾಲಲ್ಲಿ ಕೂತು ಬೋಟಿ ತೊಳೆದೆ. ಹಸಿ ಸೌದೆ, ಹೊಗೆ ಕಣ್ಣಿಗೆ ಬಡಿಯಿತು. ಶಶಿಧರನ ಅಮ್ಮ ಪುಷ್ಪಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು, ಹೋದರು, ಮತ್ತೆ ಬಂದರು. ಅವರಿಗೆ ನಾನು ಯಾರೆಂದು ಗೊತ್ತಿತ್ತು. ಮಗ ಹೇಳಿದ್ದ. ಮನೆ ನಡೆಯುತ್ತಿದ್ದುದು ಹೋಟೆಲಿನಿಂದ, ಆದ್ದರಿಂದ ಬಾಯಿ ಕಟ್ಟಿಕೊಂಡಿದ್ದರು. ಬೋಟಿ ಬೆಂದು ಮಸಾಲೆಯ ವಾಸನೆ ಎದ್ದಾಗ ಒಳಗಿನಿಂದ ಗಂಡಸರು ಒಬ್ಬೊಬ್ಬರೇ ಹಿತ್ತಲಿಗೆ ಬಂದರು. ಕೈ ತೊಳೆಯುವ ನೆಪ. ಶೇಷಪ್ಪ ಅಂತೂ ಬಂದವರು ಹೋಗಲೇ ಇಲ್ಲ.

"ಆಯ್ತಾ ತಂಗಿ? ಬಾ, ನೀನೇ ತಂದು ಎಡೆಗೆ ಇಡು. ಕೈ ನಿನ್ನದು, ಪುಣ್ಯವೂ ನಿನ್ನದೇ."

ನಾನು ಎದ್ದೆ. ಪುಷ್ಪಮ್ಮ ಹೊಸ್ತಿಲಿಗೆ ಎರಡೂ ಕೈ ಅಡ್ಡ ಇಟ್ಟರು.

"ಬೋಟಿ ಒಳಗೆ ಬರಕೂಡದು."

"ಅದ್ಯಾಕೆ? ಭೈರನಿಗೆ ಇಷ್ಟ ಅಂತ ಬೋರ್ಡಲ್ಲೇ ಬರೆದಿದೆಯಲ್ಲ ಪುಷ್ಪಮ್ಮ?"

"ಬೋರ್ಡಿಗೇನು ಗೊತ್ತು ಭಾವ? ಅವರ ಜೊತೆ ಸಂಸಾರ ಮಾಡಿದೋಳು ನಾನೋ ಬೋರ್ಡೋ? ಬೋಟಿ ಕಂಡ್ರೆ ಮೂಗು ಮುಚ್ಕೋತಿದ್ರು ಅವರು. ತಿಪ್ಪೆಗೆ ಹಾಕಿಸ್ತಿದ್ರು. ಹೊಲಸು ಅದು. ಈ ಮನೆ ಹೊಸ್ತಿಲು ಯಾವತ್ತೂ ದಾಟಿದ್ದಲ್ಲ."

ಬೈಯುತ್ತಿದ್ದುದು ಬೋಟಿಯನ್ನು. ಕಣ್ಣು ಇದ್ದುದು ನನ್ನ ಮೇಲೆ.

"ಅಮ್ಮ, ಸುಮ್ನಿರು" ಎಂದ ಶಶಿಧರ.

"ಅಮ್ಮೋರು ಹೇಳ್ತಿರೋದು ಸತ್ಯ" ಎಂದೆ ನಾನು. ಪುಷ್ಪಮ್ಮ ಬೆಚ್ಚಿದರು. "ಪಟೇಲರು ಬೋಟಿ ಮುಟ್ಟಿದೋರಲ್ಲ. ತಿಪ್ಪೆ ಹತ್ರ ಇಡಿಸ್ತಿದ್ರು. ಇಟ್ಟಿದ್ದನ್ನ ಎತ್ಕೊಂಡು ಹೋಗ್ತಿದ್ದೋರು ಯಾರು ಅಮ್ಮ?"

ಶೇಷಪ್ಪ ಮಾತಾಡಿದರು.

"ಇನ್ಯಾರು ತಂಗಿ, ಕೇರಿಯೋರು. ಹದ್ದು ಕಾದ ಹಾಗೆ ಕಾಯ್ತಿದ್ರು. ಕೆಂಚಿ ಅಂತ ಒಬ್ಬಳಿದ್ಲು ನೋಡು, ಆ ತಮಟೆಯವನ ಹೆಂಡ್ತಿ..." ಎಂದು ಅವರು ಬೆನ್ನು ಬಗ್ಗಿಸಿದರು. ಎರಡೂ ಕೈಯಲ್ಲಿ ಇಲ್ಲದ ಬುಟ್ಟಿ ಹಿಡಿದರು. ಮೂಗಿನಲ್ಲಿ ರಾಗ ಎಳೆದರು. "ಬುದ್ಧೀ, ಇನ್ನೊಂಚೂರು ಹಾಕ್ಸಿ ಬುದ್ಧೀ, ಮಗು ಹಸ್ಕೊಂಡದೆ..."

ಗಂಡಸರೆಲ್ಲ ನಕ್ಕರು. ಚೆನ್ನಾಗಿ ಆಡಿ ತೋರಿಸಿದರು ಶೇಷಪ್ಪ. ಅವ್ವ ಹಾಗೆಯೇ ಬಗ್ಗುತ್ತಿದ್ದಳು. ಹೋಟೆಲಿನಲ್ಲಿ ಚಿಕ್ಕಮ್ಮನಾಗಿ ನಕ್ಕು ನಕ್ಕು ಅಭ್ಯಾಸವಾಗಿದ್ದ ನನ್ನ ತುಟಿಯೂ ಅರ್ಧ ಅಗಲವಾಯಿತು. ಅದು ನನಗೇ ತಿಳಿಯಿತು. ಮೈಗೆ ಕೆಂಡ ಬಿದ್ದಂತಾಯಿತು.

"ಆ ಕೆಂಚಿ ನನ್ನ ಅವ್ವ" ಎಂದೆ.

ಶೇಷಪ್ಪ ಬಗ್ಗಿಸಿದ ಬೆನ್ನು ಬಗ್ಗಿಸಿದಂತೆಯೇ ನಿಂತರು.

"ಹಸ್ಕೊಂಡಿದ್ದ ಮಗು ನಾನು. ಮಾದಿಗರ ಕೇರಿಯ ತಮಟೆ ದುರ್ಗಪ್ಪನ ಮಗಳು ಸಣ್ಣಮ್ಮ. ನೀವೆಲ್ಲ ಹೋಟೆಲಿಗೆ ಬಂದು ನೆಕ್ಕಿ ಹೋಗಿದ್ದು ಅವಳ ಬೋಟಿ. ಈಗ ಇನ್ನೊಂದ್ಸಲ ಬಗ್ಗಿ ತೋರಿಸಿ ಭಾವ."

ಒಬ್ಬ ಬಾಯಿಗೆ ಕೈ ಇಟ್ಟುಕೊಂಡ. ಇನ್ನೊಬ್ಬ ಹೊಟ್ಟೆಯ ಮೇಲೆ ಇಟ್ಟುಕೊಂಡ, ತಿಂದದ್ದನ್ನೆಲ್ಲ ಅಲ್ಲಿ ಹುಡುಕುವವನಂತೆ. ಪಾತ್ರೆಯ ಮುಚ್ಚಳ ಕುದಿತಕ್ಕೆ ಟಪಟಪ ಎಂದಿತು. ವಾಸನೆ ಇನ್ನಷ್ಟು ಎದ್ದಿತು. ಆ ವಾಸನೆಗೆ ಅವಮಾನ ಗೊತ್ತಿಲ್ಲ. ಅದು ತನ್ನ ಪಾಡಿಗೆ ಎಲ್ಲರ ಮೂಗಿಗೂ ಹೋಯಿತು.

ಮೊದಲು ಸೋತವರು ಶೇಷಪ್ಪನೇ.

"ಆಗಿದ್ದು ಆಗೋಯ್ತು" ಎಂದರು. "ಹೊಟ್ಟೆಗೆ ಹೋಗಿದ್ದು ವಾಪಸ್ ಬರುತ್ತಾ? ಕಾಲ ಬದಲಾಗಿದೆ. ಎಡೆ ಬೇಡ. ಊಟಕ್ಕೆ ಮಾತ್ರ ಬಡಿಸೋಣ. ಪಾಪ, ಬೆಳಿಗ್ಗೆಯಿಂದ ಕಷ್ಟಪಟ್ಟಿದ್ದಾಳೆ, ಅವಳಿಗೂ ಒಂದು ಎಲೆ ಹಾಕ್ರಪ್ಪ." ಸ್ವಲ್ಪ ತಡೆದು ಸೇರಿಸಿದರು. "ಜಗಲಿ ಮೇಲೆ."

ತಾನು ಎಂಥ ದೊಡ್ಡ ಮನಸ್ಸಿನವನು ಎಂದು ಅವರ ಕಣ್ಣು ತುಂಬಿಬಂದಿತ್ತು. ನಿಜವಾಗಿಯೂ ತುಂಬಿಬಂದಿತ್ತು.

ಶಶಿಧರ ನನ್ನನ್ನು ಕೊಟ್ಟಿಗೆಯ ಗೋಡೆಯ ಮರೆಗೆ ಕರೆದ. ಕೈ ಮುಗಿಯುವುದೊಂದು ಬಾಕಿ.

"ತಮಾಷೆಗೆ ಅಂದೆ ಅಂದುಬಿಡು. ನಂಬ್ತಾರೆ. ನಮ್ಮ ಚಿಕ್ಕಮ್ಮ ಬಾಯಿಜೋರು ಅಂತ ಎಲ್ಲರಿಗೂ ಗೊತ್ತಲ್ವಾ? ಅವರಿಗೂ ನಂಬೋದೇ ಬೇಕಾಗಿದೆ ಕಣೆ. ಒಳಗೆ ಮೊದಲನೇ ಸಾಲಲ್ಲಿ ಎಲೆ ಹಾಕಿಸ್ತೀನಿ. ಅಮ್ಮನ್ನ ನಾನು ನೋಡ್ಕೋತೀನಿ. ಹೋಟೆಲಲ್ಲಿ ನಿನ್ನ ಫೋಟೊ ಹಾಕಿಸ್ತೀನಿ, ಅಪ್ಪನ ಪಕ್ಕದಲ್ಲೇ."

"ಕೆಳಗೆ ಏನು ಬರೆಸ್ತೀರಿ?"

"ಚಿಕ್ಕಮ್ಮನ ಬೋಟಿ ಅಂತ."

"ಕೆಂಚಮ್ಮನ ಬೋಟಿ ಅಂತ ಬರೆಸಿ. ಒಳಗೆ ಕೂರ್ತೀನಿ."

ಆತ ತಲೆ ತಗ್ಗಿಸಿದ. ಮುತ್ತುಗದ ಎಲೆಯ ಮೇಲೆ ಬಗ್ಗುತ್ತಿದ್ದ ಅದೇ ತಲೆ.

"ಅದು ಹೆಂಗಾಗುತ್ತೆ ಸಣ್ಣಮ್ಮ?"

ಅವ್ವನನ್ನು ಬಿಟ್ಟರೆ ಒಳಗೆ ಎಲೆ. ಅವ್ವನನ್ನು ಹಿಡಿದರೆ ಜಗಲಿ. ನನಗೆ ಎರಡೂ ಬೇಡವಾಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಸಿಬಟ್ಟೆ ಹಿಡಿದು ಬೋಟಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಎತ್ತಿಕೊಂಡೆ. ಹಿತ್ತಲ ಗೇಟು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಆ ಕಡೆ ತಿರುಗಲಿಲ್ಲ. ಅಡಿಗೆಮನೆಯ ಹೊಸ್ತಿಲಿಗೆ ಹೋದೆ.

"ದಾರಿ ಬಿಡಿ ಅಮ್ಮ. ಬಿಸಿ ಇದೆ."

"ಏ, ಏ, ಎಲ್ಲಿಗೇ?" ಎಂದರು ಪುಷ್ಪಮ್ಮ. ನನ್ನ ಮೈ ತಾಗೀತೆಂದು ಹೆದರಿದರೋ, ಪಾತ್ರೆ ತಾಗೀತೆಂದು ಹೆದರಿದರೋ, ಗೋಡೆಗೆ ಅಂಟಿಕೊಂಡರು. ಅಡಿಗೆಮನೆ ದಾಟಿದೆ. ಹಂಡೆ, ಒನಕೆ, ಫ್ರಿಡ್ಜು. ನಡುಮನೆಗೆ ಬಂದೆ. ಗೋಡೆಗೆ ಒರಗಿಸಿದ ಫೋಟೊದಲ್ಲಿ ಭೈರಪ್ಪ ಪಟೇಲರು. ಮುಂದೆ ಬಾಳೆಲೆ. ಹೋಳಿಗೆ, ಕಡುಬು, ಹೊಸ ಪಂಚೆ, ಒಂದು ಕಟ್ಟು ಬೀಡಿ, ಕಾಲು ಬಾಟಲಿ ಬ್ರಾಂದಿ. ಬೋಟಿಗೆಂದು ಎಲೆಯ ಬಲಕ್ಕೆ ಜಾಗ ಬಿಟ್ಟಿದ್ದರು.

"ನಿಮ್ಗೆ ಬೇಡ ಅಂತ ನಂಗೊತ್ತು ಪಟೇಲ್ರೇ" ಎಂದೆ.

ಪಡಸಾಲೆಯಲ್ಲಿ ಮೊದಲ ಸಾಲಿಗೆ ಎಲೆ ಹಾಕಿ ಆಗಿತ್ತು. ಮನೆಯ ಹೆಂಗಸರು ಮಕ್ಕಳು ಆಗಲೇ ಕೂತಿದ್ದರು. ಸಾಲಿನ ನಡುವೆಯೇ ನಡೆದೆ. ಕೂತವರು ಪಟಪಟನೆ ಕಾಲು ಮಡಚಿಕೊಂಡರು. ಒಂದು ಮಗು ಮೂಗೆತ್ತಿ, "ಅಮ್ಮಾ, ನಂಗೂ" ಎಂದಿತು. ಅಮ್ಮ ಅದರ ಬಾಯಿ ಮುಚ್ಚಿದಳು.

ಹಿಂದಿನಿಂದ ಶೇಷಪ್ಪನ ದನಿ ಕೇಳಿತು. ಅಳುವಂತಿತ್ತು. "ಅಲ್ರೋ, ಬೋಟಿ ಯಾಕೋ ತಗೊಂಡು ಹೋಗ್ತಿದ್ದಾಳೆ?"

"ಸಣ್ಣಮ್ಮ! ಪಾತ್ರೆ ನಮ್ಮದು!" ಎಂದರು ಪುಷ್ಪಮ್ಮ.

"ಕೇರಿಯಲ್ಲಿ ಇರುತ್ತೆ. ತೊಳೆದು ಇಟ್ಟಿರ್ತೀನಿ. ಯಾರಾದ್ರೂ ಬಂದು ತಗೊಂಡು ಹೋಗಿ, ಒಳಗೆ ಇಟ್ಕೊಳ್ಳೋ ಹಾಗಿದ್ರೆ."

ಜಗಲಿ ದಾಟಿದೆ. ಅಲ್ಲಿ ನನಗೆಂದು ಯಾರೋ ಆಗಲೇ ಒಂದು ಎಲೆ ತಂದು ಹಾಸಿದ್ದರು. ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲು ಇಟ್ಟಿದ್ದರು. ಮೆಟ್ಟಿಲಿಳಿದು ಬೀದಿಗೆ ಬಂದೆ. ಹಬ್ಬದ ದಿನ, ಬೀದಿಯ ತುಂಬ ಜನ. ಪಾತ್ರೆಯನ್ನು ಕೆಳಗಿಟ್ಟು, ಮಸಿಬಟ್ಟೆಯನ್ನು ಸಿಂಬಿ ಸುತ್ತಿ, ತಲೆಯ ಮೇಲೆ ಹೊತ್ತುಕೊಂಡೆ. ಬಿಸಿ ಸಿಂಬಿಬಟ್ಟೆಯನ್ನು ದಾಟಿ ನೆತ್ತಿಗೆ ಇಳಿಯಿತು. ಕೇರಿಯ ಕಡೆ ಹೆಜ್ಜೆ ಹಾಕಿದೆ.

ಶಶಿಧರ ಬಾಗಿಲಿಗೆ ಓಡಿ ಬಂದ. ಬೀದಿಯ ಜನ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಅವನಿಗೆ ನನ್ನ ಹೆಸರು ಕೂಗಲು ಬಾಯಿ ಬರಲಿಲ್ಲ.

"ಚಿಕ್ಕಮ್ಮ!" ಎಂದು ಕೂಗಿದ. "ಚಿಕ್ಕಮ್ಮಾ, ನಿಲ್ಲು!"

ಬೋರ್‌ವೆಲ್ಲಿನ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ತನ್ನನ್ನೇ ಯಾರೋ ಕರೆದರೆಂದು ತಿರುಗಿ ನೋಡಿದಳು. ನಾನು ನೋಡಲಿಲ್ಲ.